ಗುಡಿಸದೆ ಬಿಟ್ಟ ಕಲ್ಲು

ನಸುಕಿನ ನಾಲ್ಕಕ್ಕೆ ರಿಂಕಿನ ಬೀಗ ತೆಗೆಯುತ್ತೇನೆ.
ಹೊರಗೆ ಮೈನಸ್ ಮೂವತ್ತೊಂದು. ಒಳಗೆ ಅಷ್ಟಿಲ್ಲ,
ಆದರೂ ಮೀಸೆ ಗರಿಗರಿ.
ಬೆನ್ನಿಗೆ ತಾಮ್ರದ ಡಬ್ಬ, ಕೈಯಲ್ಲಿ ಜರಡಿಮೂತಿಯ ಕೊಳವೆ,
ಹಿಂದು ಹಿಂದಕ್ಕೆ ನಡೆಯುತ್ತ ಬಿಸಿನೀರು ಚಿಮುಕಿಸುತ್ತೇನೆ.
ಬಿದ್ದ ಹನಿ ಬಿದ್ದಲ್ಲೇ ಗಟ್ಟಿ.
ತೀರಾ ನುಣುಪಾದ ಐಸಿನ ಮೇಲೆ ಕಲ್ಲು ಓಡುವುದಿಲ್ಲ, ಗೊತ್ತೆ?
ಅದಕ್ಕೂ ಒಂದಿಷ್ಟು ತರಕಲು ಬೇಕು.
ಇದನ್ನು ನನಗೆ ಕಲಿಸಿದವನು ವಾಲೇಸ್ ಪ್ರೂಡನ್.
ಮನುಷ್ಯನೂ ಹಾಗೇ ಇದ್ದ.

ಮ್ಯಾನಿಟೋಬಾದ ನಕಾಶೆಯಲ್ಲಿ ನಮ್ಮೂರು
ಮಡಿಕೆ ಬೀಳುವ ಜಾಗದಲ್ಲಿದೆ, ಅಳಿಸಿಹೋಗಿದೆ.
ಆದರೂ ಪ್ರತಿ ಫೆಬ್ರವರಿ ಎರಡನೇ ವಾರ
ಮೂರು ವಿಮಾನ, ಒಂದು ಬಸ್ಸು ಬದಲಿಸಿ
ನಾರ್ವೆಯಿಂದ ಓಟರ್ ಬರುತ್ತಿದ್ದ,
ಅದೇ ಚೌಕಳಿ ಪ್ಯಾಂಟು, ಅದೇ ಒಂದು ಜೋಕು.
ನಮಗದು ಹತ್ತೊಂಬತ್ತು ವರ್ಷ ಅರ್ಥವಾಗಲಿಲ್ಲ,
ಹತ್ತೊಂಬತ್ತು ವರ್ಷ ಬಿದ್ದು ಬಿದ್ದು ನಕ್ಕೆವು.
‘ಗುಡಿಸ್ರೋ!’ ಎಂದು ಅವನು ಕೂಗಿದರೆ
ತೊಲೆಯ ಮೇಲಿನ ಗುಬ್ಬಿಗಳು ಎದ್ದು ಹಾರುತ್ತಿದ್ದವು.
ಗಂಟಲಿನ ಆಪರೇಷನ್ನಿನ ಮೇಲೆ ಎರಡು ಚಳಿಗಾಲ
ಬರೀ ಅಂಗೈಯಲ್ಲಿ ಆಡಿಸಿದ ನಮ್ಮನ್ನು.
ಗುಬ್ಬಿಗಳು ಕೂತೇ ಇದ್ದವು, ಕತ್ತು ಓರೆ ಮಾಡಿ.

ಶಿಗೆಕೊ ಈರುಳ್ಳಿ ಬೆಳೆಯುವವಳು, ಹೊಕ್ಕೈಡೊದವಳು.
ಯಾರ ಕಲ್ಲು ಎಲ್ಲಿ ಬಾಗಿತು, ಎಷ್ಟು ಸೆಕೆಂಡು,
ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ.
ಹೊಸ ವರ್ಷದ ಅವಳ ಕಾರ್ಡು ಈ ಸಲ
ಅವಳ ಸುದ್ದಿ ಬಂದು ಆರು ದಿನಕ್ಕೆ ಬಂತು:
‘ಮೂರನೇ ಹಾಳೆಯ ಎಡಬದಿ ಸ್ವಲ್ಪ ಇಳಿಜಾರಿದೆ,
ದಯವಿಟ್ಟು ನೋಡಿ.’
ನೋಡಿದೆ. ಹೌದು, ಇತ್ತು.

ಮತ್ತೆ ಉರ್ಸೀನಾ. ಸ್ವಿಸ್ ಬೆಟ್ಟದ ಶಾಲೆಯ ಟೀಚರು.
ಫೈನಲ್ಲಿನ ಕೊನೆಯ ಕಲ್ಲು ಗೆಲ್ಲುವತ್ತಲೇ ಜಾರುತ್ತಿತ್ತು;
ಪೊರಕೆ ಎತ್ತಿ ನಿಂತುಬಿಟ್ಟಳು,
‘ತಾಗಿತು’ ಅಂದಳು, ‘ನನ್ನದೇ.’
ಯಾರೂ ನೋಡಿರಲಿಲ್ಲ. ಎದುರಾಳಿಗಳೂ.
ಆ ರಾತ್ರಿ ಗೆದ್ದವರು ಕೊಡಿಸಿದ ವಿಸ್ಕಿ
ನಾಚಿಕೆ ಬೆರೆತು ತುಂಬ ಚೆನ್ನಾಗಿತ್ತು.

ಒಂಬತ್ತಕ್ಕೆ ಜನ ಸೇರಿದರು, ಕೋಟು ಕೊಡವುತ್ತ.
ಆಟಕ್ಕೆ ಮೊದಲು ನಾಲ್ಕು ಕಲ್ಲು, ನಾಲ್ವರ ಹೆಸರಲ್ಲಿ.
ಯಾರೂ ಗುಡಿಸಬಾರದು, ಅದೊಂದೇ ಕಟ್ಟಳೆ:
ತನ್ನ ಕಸುವಿನಲ್ಲೇ ಹೋಗಲಿ, ನಿಂತಲ್ಲಿ ನಿಲ್ಲಲಿ.
ಆ ಬಣ್ಣದ ವೃತ್ತಗಳಿಗೆ ನಮ್ಮಲ್ಲಿ ಮನೆ ಎಂದು ಹೆಸರು.
ಓಟರನ ಕಲ್ಲು ಮನೆಯೊಳಗೆ ನುಗ್ಗಿ, ಹಿತ್ತಿಲಿಂದ ಹೊರಬಿದ್ದು
ಹಲಗೆಗೆ ಧಡ್ ಎಂದಿತು. ಬೇರೆ ಹೇಗಾದೀತು?
ಶಿಗೆಕೊಳದು ಎಡಕ್ಕೆ ಒಂದೆಳೆ ಬಾಗಿ
ಒಳವೃತ್ತದ ಅಂಚಿನಲ್ಲಿ ಕೂತಿತು.
ಉರ್ಸೀನಾಳದು ಎಲ್ಲಿ ನಿಂತಿತು?
ಅವಳ ವಿಷಯದಲ್ಲಿ ಸುಳ್ಳು ಹೇಳಲಾರೆ, ನಾನು ನೋಡಲಿಲ್ಲ.

ವಾಲೇಸನ ಕಲ್ಲು ತೆವಳುತ್ತ ಬಂತು.
ಗೆರೆಗೆ ಒಂದು ಗೇಣು ಇರುವಾಗ
ಇನ್ನೇನು, ಇನ್ನೇನು ಎನ್ನುವಾಗ ನಿಂತಿತು.
ಗೆರೆ ದಾಟದ ಕಲ್ಲನ್ನು ತೆಗೆದಿಡಬೇಕು; ಚಿಕ್ಕ ಮಕ್ಕಳಿಗೂ ಗೊತ್ತು.
ಅರವತ್ತು ಜನ, ಅರವತ್ತು ಪೊರಕೆ,
ಒಬ್ಬರೂ ಮಿಸುಕಲಿಲ್ಲ.
ಕಂಪ್ರೆಸರ್ ಮಾತ್ರ ಗುಂಯ್ ಎನ್ನುತ್ತಿತ್ತು.

ಆಮೇಲೆ ಅವನ ಮಗಳು ಡೆಲ್ಫೀನ್
ಎದ್ದು ಬಂದು, ಬೂಟಿನ ತುದಿಯಿಂದ
ಕಲ್ಲನ್ನು ಪಕ್ಕಕ್ಕೆ ತಳ್ಳಿದಳು.
‘ಅಪ್ಪನಾಗಿದ್ದರೆ ಇಷ್ಟು ಹೊತ್ತು ಕಾಯುತ್ತಿರಲಿಲ್ಲ,’
ಎಂದಳು. ‘ನಡೀರಿ, ಆಡೋಣ.’

ಕೈಕುಲುಕಿದರು. ಆಡಿದರು.
ಮಧ್ಯಾಹ್ನದ ಹೊತ್ತಿಗೆ ನಾನು ಹಾಕಿದ ತರಕಲೆಲ್ಲ
ಸವೆದು ಹೋಗಿತ್ತು, ಎಂದಿನಂತೆ.
ಡಬ್ಬಕ್ಕೆ ಬಿಸಿನೀರು ತುಂಬಿಸಿಕೊಂಡೆ.
ಮೂರನೇ ಹಾಳೆಯ ಎಡಬದಿಗೆ
ಒಂದು ಸುತ್ತು ಹೆಚ್ಚು.