ಮುನ್ನೂರ ಮೂವತ್ತು ಗ್ರಾಮು

ಬೂಝಿ, ಮೊಜಾಂಬಿಕ್

ಸೇತುವೆ ಮುರಿದು ಆರು ದಿನ. ಬೈರಾದಿಂದ ಹೊರಟ
ಕ್ಲೋರಿನ್ ಪುಡಿಯ ಲಾರಿ ನದಿಯ ಆಚೆ ದಡದಲ್ಲಿ
ನಮ್ಮನ್ನೇ ನೋಡುತ್ತ ನಿಂತಿದೆ.
ಈಚೆ ಶಾಲೆಯೊಳಗೆ, ನಡುವೆ ತೂತು ಕೊರೆದ ಮಂಚಗಳ ಮೇಲೆ
ನಲವತ್ತೊಂದು ಜನ.

ನೆಲ ತೊಳೆಯುವ ದ್ರಾವಣ ಮುಗಿದಿದೆ.
ಉಳಿದದ್ದು ಎರಡು ಪೀಪಾಯಿ:
ಹೆಣಗಳಿಗೆಂದು ಇಟ್ಟದ್ದು, ಶೇಕಡಾ ಎರಡು, ಹದಿನೈದು ಲೀಟರು;
ಕೈ ತೊಳೆಯುವುದು, ಪಾಯಿಂಟ್ ಸೊನ್ನೆ ಐದು, ಅರವತ್ತು.
ನೆಲ ಕೇಳುವುದು ಪಾಯಿಂಟ್ ಎರಡು.
ಕಡಿಮೆಯಾದರೆ ಕಾಲರಾ ಸಾಯದು,
ಹೆಚ್ಚಾದರೆ ಒರೆಸುವ ಹುಡುಗಿಯರ ಕೆಮ್ಮು ನಿಲ್ಲದು.

ಬೆರೆಸುವವನು ಜೆಫೆರಿನೊ.
ನೆರೆಗೆ ಮುಂಚೆ, ಸಕ್ಕರೆ ಕಾರ್ಖಾನೆಯ ಗೋಡೆಗೆ ಒರಗಿದ್ದ ಗೂಡಂಗಡಿಯಲ್ಲಿ
ಕಬ್ಬಿನ ಸಾರಾಯಿ ಮಾರುತ್ತಿದ್ದವ.
ನೀರು ಬೆರೆಸುತ್ತಾನೆಂದು ಊರಿಗೆಲ್ಲ ಗೊತ್ತು.
ನನ್ನ ಗಂಡ ಅಲ್ಲೇ ಕುಡಿದು ನೆಟ್ಟಗೆ ನಡೆದು ಮನೆಗೆ ಬರುತ್ತಿದ್ದ,
ಅದೊಂದಕ್ಕೆ ನಾನು ಋಣಿ.

"ಎರಡಕ್ಕೆ ಪಾಯಿಂಟ್ ಸೊನ್ನೆ ಐದು ಕೂಡಿಸಲೇನು ನರ್ಸಮ್ಮ?"
ಬೇಡ ಮಾರಾಯ, ಶೇಕಡಾಗಳು ಹಾಗೆ ಕೂಡುವುದಿಲ್ಲ.
ಒಳಗಿರುವುದನ್ನು ತೂಗು.
ಕರಿಹಲಗೆಯ ಮೇಲೆ ಯಾವುದೋ ಮಗು ಅರ್ಧಕ್ಕೆ ಬಿಟ್ಟ ಭಾಗಾಕಾರವಿತ್ತು,
ಅದನ್ನು ಅಳಿಸದೆ ಪಕ್ಕದಲ್ಲಿ ಬರೆದೆ:
ಹದಿನೈದು ಲೀಟರು, ಲೀಟರಿಗೆ ಇಪ್ಪತ್ತರಂತೆ, ಮುನ್ನೂರು ಗ್ರಾಮು.
ಅರವತ್ತು ಲೀಟರು, ಲೀಟರಿಗೆ ಅರ್ಧದಂತೆ, ಮೂವತ್ತು.
ಇದಕ್ಕೆ ನೀರು ಹುಯ್ದರೆ ಏನಾಗುತ್ತದೆ ಹೇಳು.

ಅವನು ಹಲಗೆ ನೋಡಲಿಲ್ಲ. ತನ್ನ ಕೈ ನೋಡಿಕೊಂಡ.
"ಏನೂ ಆಗದು. ಲೋಟ ತೆಳುವಾಗುತ್ತದೆ.
ಪೀಪಾಯಿಯ ಅಮಲು ಇದ್ದಷ್ಟೇ ಇರುತ್ತದೆ,
ಇನ್ನಷ್ಟು ಜನಕ್ಕೆ ಹಂಚಿಹೋಗುತ್ತದೆ.
ಹದಿನೆಂಟು ವರ್ಷ ಇದೇ ಲೆಕ್ಕ ಮಾಡಿದ್ದೇನೆ,
ಎಲ್ಲೂ ಬರೆದಿಡಲಿಲ್ಲ."

ಲೀಟರಿಗೆ ಎರಡು ಗ್ರಾಮಾದರೆ ನೂರ ಅರವತ್ತೈದು ಲೀಟರಾಗಬೇಕು.
ಇರುವುದು ಎಪ್ಪತ್ತೈದು.
"ತೊಂಬತ್ತು," ಅಂದ ಬಾಯಲ್ಲೇ.
ನಾನು ಎರಡು ಸಲ ಕಳೆದೆ. ತೊಂಬತ್ತೇ.

ಇಪ್ಪತ್ತರ ಕ್ಯಾನು ನಾಲ್ಕು ಪೂರ್ತಿ.
ಐದನೆಯದರ ಅರ್ಧದ ಗೆರೆಗೆ ಮೊಣಕಾಲೂರಿ ಕಣ್ಣು ಸಮ ಹಿಡಿದು
ಹೆಚ್ಚಾದ ಒಂದು ಬೊಗಸೆಯನ್ನು ಹೊರಗೆ ಚೆಲ್ಲಿದ.
ನೀರು ಚೆಲ್ಲಿದ ಜೆಫೆರಿನೊನನ್ನು
ಬೂಝಿ ಆವತ್ತೇ ಮೊದಲು ನೋಡಿದ್ದು.

ಕೋಲು ತಿರುಗಿಸುತ್ತಿದ್ದವನಿಗೆ ಹೇಳಿದೆ:
ಕೈಗಾದರೆ ಸೋಪಿದೆ. ಹೆಣಗಳಿಗೆ ಇನ್ನೇನೂ ಉಳಿದಿಲ್ಲ.
"ಹಾಗಾದರೆ ಈ ರಾತ್ರಿ ಯಾರೂ ಸಾಯುವಂತಿಲ್ಲ," ಅಂದ,
ಅಂಗಡಿ ಮುಚ್ಚುವ ಹೊತ್ತಿಗೆ
ಇನ್ನೊಂದು ಲೋಟ ಕೇಳಿದವನಿಗೆ ಹೇಳುವ ದನಿಯಲ್ಲಿ.