ಇನ್ನೊಂದು ಗುಡ್ಡ

ಅಂಗಡಿಯ ಬಾಲ್ತಾಸಾರ್ ಮೂರು ಡಬ್ಬಿ ತಂದಿಟ್ಟ ಮೇಜಿನ ಮೇಲೆ.
ಒಂದಕ್ಕೆ ಒಂದೇ ಖಾನೆ, ಒಂದಕ್ಕೆ ಎರಡು,
ಮತ್ತೊಂದು ನಾಲ್ಕು ಖಾನೆಯ ಕರಿಗೂಡು,
ಪಾರಿವಾಳ ಸಾಕಬಹುದು.

‘ಮನೆಯಲ್ಲಿ ಎಷ್ಟು ಲ್ಯಾಪ್‌ಟಾಪು?’
ಬೆರಳು ಮಡಚಿದೆ.
ನನ್ನದೊಂದು: ಕೋರ್ಟಿನ ಸಾಕ್ಷಿಗಳ ಮಾತು
ಕೇಳಿ ಕೇಳಿ ಅಕ್ಷರಕ್ಕಿಳಿಸುವ ಕೆಲಸ,
ಅವರ ಕೆಮ್ಮೂ ಬಿಡುವಂತಿಲ್ಲ.
ಗಂಡ ರಿಗೊಬೆರ್ತೊನದು: ಪಿಯಾನೊ ಶ್ರುತಿ ಮಾಡುವವನು,
ಬಂದರಿನ ಉಪ್ಪುಗಾಳಿಗೆ ಯಾವ ಮನೆಯ ಯಾವ ತಂತಿ
ಎಷ್ಟು ಜಗ್ಗಿತೆಂದು ಹದಿನಾಲ್ಕು ವರ್ಷದ ಧ್ವನಿಮುದ್ರಣ.
ಮಗಳು ಮಿಲ್ಲರಾಯ್‌ದು: ಕಲ್ಲುಹೂವಿನ ಚಿತ್ರಗಳು,
ಅದೇ ಬಂಡೆ, ಅದೇ ಕೋನ, ವಾರಕ್ಕೊಂದು.
ಅತ್ತೆ ಎದುವಿಹೆಸ್‌ಗೂ ಒಂದಿದೆ.
ಇಸ್ಪೀಟಾಟ, ಹನ್ನೊಂದು ಫೋಟೊ.

‘ಹನ್ನೊಂದಕ್ಕೆ ಪೆನ್ ಡ್ರೈವ್ ಸಾಕು.’
ಅತ್ತೆಯ ಎದುರು ಹಾಗನ್ನಬೇಡ ಮಾರಾಯ, ಅಂದೆ.

ವಾರವಿಡೀ ಮನೆಯಲ್ಲಿ ಇದೇ ಮಾತು.
ಡಿಸ್ಕು ತಿರುಗುವಾಗ ಸದ್ದಾಗುತ್ತದಂತೆ. ಎಲ್ಲಿಡುವುದು?
‘ಪಿಯಾನೊ ಇರುವಲ್ಲಿ ಬೇಡ. ಅದು ಯಾವ ಸ್ವರದಲ್ಲಿ ಗುಂಯ್‌ಗುಡುತ್ತದೋ
ನನ್ನ ಕಿವಿ ಅಲ್ಲೇ ಸಿಕ್ಕಿಬೀಳುತ್ತದೆ’ ಎಂದ ಗಂಡ.
ಅಡುಗೆಮನೆಯಲ್ಲಿ ಹಬೆ.
ಮೆಟ್ಟಿಲ ಕೆಳಗೆ ಬೆಕ್ಕು, ಬೆಚ್ಚಗಿರುವುದೆಲ್ಲ ಅದರದೇ.
ಹಾಸಿಗೆಯ ಕೆಳಗಿಡಿ, ಅಂದಳು ಅತ್ತೆ,
ಅವಳ ಕಾಲದ ದುಡ್ಡೆಲ್ಲ ಅಲ್ಲೇ ಇರುತ್ತಿತ್ತು.

ಎರಡು ಖಾನೆಯದೇ ಇರಲಿ ಎಂದು ಮತ್ತೆ ಹೋದೆ.
ಒಂದು ಕೈಕೊಟ್ಟರೆ ಇನ್ನೊಂದಿದೆಯಲ್ಲ,
ಕನ್ನಡಿಯ ಹಾಗೆ.
ಬಾಲ್ತಾಸಾರ್ ಗಡ್ಡ ಕೆರೆದ.
‘ಕನ್ನಡಿ ಏನನ್ನೂ ನೆನಪಿಡುವುದಿಲ್ಲ, ಸೆನ್ಯೋರಾ.
ನೀವು ತಪ್ಪಿ ಅಳಿಸಿದರೆ ಅದೂ ಅಳಿಸುತ್ತದೆ, ಆ ಕ್ಷಣವೇ.
ಮನೆಗೆ ಬೆಂಕಿ ಬಿದ್ದರೆ
ಎರಡೂ ಒಟ್ಟಿಗೇ.’
ಆಮೇಲೆ ದರಪಟ್ಟಿ ಮಡಚುತ್ತ,
ಏನೂ ಅಲ್ಲವೆಂಬಂತೆ:
‘ಇನ್ನೊಂದು ಗುಡ್ಡದಲ್ಲಿ ನಿಮಗೆ ಯಾರಿದ್ದಾರೆ?’

ಬೆಂಕಿ. ವಲ್ಪರಾಯಿಸೊದಲ್ಲಿ
ಆ ಮಾತನ್ನು ಯಾರೂ ಸುಮ್ಮನೆ ಆಡುವುದಿಲ್ಲ.
ಮೂರು ಬೇಸಿಗೆಯ ಹಿಂದೆ ಮೇಲಿನ ಓಣಿಯವರೆಗೂ ಬಂದು
ಗಾಳಿ ತಿರುಗಿ ಹೋಯಿತು.
ಆ ರಾತ್ರಿ ಹೊತ್ತು ಓಡಿದ್ದು: ಬೆಕ್ಕು, ಅತ್ತೆಯ ಮಾತ್ರೆ,
ಮೂರು ಲ್ಯಾಪ್‌ಟಾಪು.
ನಾಲ್ಕನೆಯದು ಮರೆತೆವು. ಯಾರದೆಂದು ಹೇಳಬೇಕೆ?
ದಾರಿಯುದ್ದಕ್ಕೂ ಅವಳು ಏನೂ ಅನ್ನಲಿಲ್ಲ.

ಇನ್ನೊಂದು ಗುಡ್ಡದಲ್ಲಿ ಅಕ್ಕ ಇದ್ದಾಳೆ, ಹಸಿಂತಾ.
ಐದು ವರ್ಷ. ಅಪ್ಪನ ಅಕಾರ್ಡಿಯನ್ನಿನ ವಿಷಯ.
ಮೊದಲು ಬಾಗಿಲು ಬಡಿದವರು ಯಾರೆಂದು
ದಾಖಲೆಯಿಲ್ಲ. ಇದ್ದಿದ್ದರೆ
ಕೆಮ್ಮೂ ಬಿಡದೆ ಬರೆದಿಡುತ್ತಿದ್ದೆ.
ನಮ್ಮ ಕಿಟಕಿಗೆ ಅವಳ ಹಳದಿ ತಗಡಿನ ಗೋಡೆ ಕಾಣುತ್ತದೆ,
ಅಲ್ಲಿ ದೀಪ ಹತ್ತುವ ಹೊತ್ತು ನನಗೆ ಗೊತ್ತು.
ನಡುವೆ ಒಂದು ಕಣಿವೆ, ಎರಡು ಹಳಿಬಂಡಿ,
ಎಣಿಸಲು ಹೋಗದ ಮೆಟ್ಟಿಲು.

ನಾಲ್ಕು ಖಾನೆಯ ದುಡ್ಡಿಗೆ
ಒಂದೇ ಖಾನೆಯವು ಎರಡು ಬಂದವು.
ಒಂದು ಮೆಟ್ಟಿಲ ಕೆಳಗೆ, ಬೆಕ್ಕಿನ ಸುಪರ್ದಿಗೆ.
ಇನ್ನೊಂದನ್ನು ಮಡಿಲಲ್ಲಿಟ್ಟು ಹಳಿಬಂಡಿಯಲ್ಲಿ ಕೂತೆ,
ಬಿಸಿ ಪಾತ್ರೆ ಹಿಡಿದವಳಂತೆ.

ಬಾಗಿಲು ತೆರೆದವಳ ಕಣ್ಣು ನೇರ ಡಬ್ಬಿಗೆ.
‘ಏನಿದು?’
‘ಇಡೋದಕ್ಕೆ ಒಂಚೂರು ಜಾಗ ಬೇಕಿತ್ತು.
ವಯರು ಚುಚ್ಚಿದರೆ ಸಾಕು,
ರಾತ್ರಿ ಎರಡಕ್ಕೆ ತಾನೇ ಎದ್ದು ನಕಲು ಮಾಡಿಕೊಳ್ಳುತ್ತೆ.’
‘ಸದ್ದು?’
‘ಸ್ವಲ್ಪ.’
ತುಂಬ ಹೊತ್ತು ನಿಂತಿದ್ದಳು.
ಆಮೇಲೆ ಕಪಾಟಿನಲ್ಲಿ ಅಕಾರ್ಡಿಯನ್ನಿನ ಪೆಟ್ಟಿಗೆಯನ್ನು
ಒಂದು ಗೇಣು ಪಕ್ಕಕ್ಕೆ ಸರಿಸಿದಳು.
ಕೂರು ಅನ್ನಲಿಲ್ಲ.

ಮೊದಲ ರಾತ್ರಿ ಕಣಿವೆ ದಾಟಿದ್ದು
ಅತ್ತೆಯ ಹನ್ನೊಂದು ಫೋಟೊ. ಚಿಕ್ಕವು, ಬೇಗ ತಲುಪಿದವು.
ಸಾಕ್ಷಿಗಳು ಗುರುವಾರದ ಹೊತ್ತಿಗೆ ಮುಟ್ಟಿದರು.
ಕಲ್ಲುಹೂವು
ಇನ್ನೂ ದಾರಿಯಲ್ಲಿದೆ.