ಬೈ ಹೂಮ್

ನವನಗರ, ಇಪ್ಪತ್ಮೂರನೇ ಸೆಕ್ಟರು,
ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ.
ಸಂಜೆ ಆರರಿಂದ ಏಳೂವರೆ, ಕರೆಂಟಿದ್ದರೆ.
ಒಂಬತ್ತು ನರ್ಸುಗಳು, ಒಬ್ಬ ಕಂಪೌಂಡರ್,
ಎಲ್ಲರ ನೋಟಿನಲ್ಲೂ ಒಂದೇ ಸಾಲು:
ಮೈ ಹೋಮ್‌ಟೌನ್ ಈಸ್ ಅ ಬ್ಯೂಟಿಫುಲ್ ಪ್ಲೇಸ್.

ಬರೆಸಿದವನು ನಾನೇ.
ಮೂರು ವರ್ಷ ಅದನ್ನೇ ಬಡಿಸಿದೆ. ನುಂಗಿದರು,
ಹುಬ್ಬಳ್ಳಿಗೆ ಹೋಗಿ ಪರೀಕ್ಷೆಯಲ್ಲಿ ಕಕ್ಕಿದರು,
ಐದೂವರೆ ಹಿಡಿದು ತಿರುಗಿ ಬಂದರು.
ಬೇಕಾದ್ದು ಏಳು. ಬರೇ ಮಾತಿಗೆ, ಏಳು.

ಆ ದಿನ ಎತ್ತಿದ ಕಾರ್ಡು:
ನೀರಿನ ಹತ್ತಿರದ ಒಂದು ಜಾಗ, ಎರಡು ನಿಮಿಷ.
ಶಾಹೀನ ನದಾಫ ಎದ್ದಳು,
ಸಮುದ್ರ ಕಾಣದವಳು ಬಾಯಿಪಾಠದ ಬೀಚು ಹಿಡಿದು
ಎರಡನೇ ಅಲೆಗೇ ನಿಂತಳು.
"ಸರ, ನಮ್ಮ ಅಮ್ಮೀ ತವರಮನಿ ನೀರಿನ ಹತ್ರ ಇಲ್ಲ,
ನೀರಿನ ಒಳಗ ಐತಿ.
ನಡೀತದೇನ್ರಿ?"

ಗಡಿಯಾರ ಬೋರಲು ಹಾಕಿದೆ.

ಮುಳುಗಡೀಗೆ ಇಂಗ್ಲಿಷಿನಾಗ ಏನಂತಾರ?
ಡ್ರೌನ್ಡ್, ಎಂದ ಕಿಟಕಿ ಕಡೆಯ ದಾನಮ್ಮ ಹೂಗಾರ.
ಅದು ಮನಿಷಾರಿಗೆ, ಎಮ್ಮಿಗೆ, ಎಂದಳು ಕಸ್ತೂರಿ.
ಹಂಗಾರ ಸ್ಯಾಂಕ್?
ಅದು ಹಡಗಿಗೆ. ತನ್ನ ಭಾರಕ್ಕ ತಾನ ಹೋಗೂದು.
ನಮ್ಮ ಮನಿ ಎಲ್ಲಿಗೆ ಹೊಂಟಿತ್ತು?
ವಾಸ್ ಸಬ್‌ಮರ್ಜ್ಡ್, ಅಂದೆ ನಾನು,
ಪರಿಹಾರದ ಕಾಗದದಲ್ಲಿ ಇರುವ ಹಾಗೆ.

ಹಿಂದಿನ ಬೆಂಚಿನಿಂದ ಪುಂಡಲೀಕ,
ತಿಂಗಳಿಡೀ ಬಾಯಿ ಬಿಡದ ಕಂಪೌಂಡರ್,
"ಬೈ ಹೂಮ್?" ಅಂದ.

ಕರ್ಮಣಿ ಪ್ರಯೋಗ. ಇದೇ ಹಲಗೆಯ ಮೇಲೆ
ನೂರು ಸಲ ಕಲಿಸಿದ್ದೇನೆ:
ಮಾಡಿದವರ ಹೆಸರು ಬಿಟ್ಟರೂ ವಾಕ್ಯ ನಿಲ್ಲುತ್ತದೆ.
ನಿಲ್ಲುತ್ತದೆ, ಹೌದು.
ಯಾರ ಮನೆಯ ಮೇಲೆ ಅಂತ ಕೇಳಿಕೊಂಡಿರಲಿಲ್ಲ.

ಆಮೇಲೆ ಕೋಣೆ ನನ್ನ ಕೈಯಲ್ಲಿ ಉಳಿಯಲಿಲ್ಲ.
ಬೈ ಡ್ಯಾಮ್. ಬೈ ಗೌರ್ಮೆಂಟ್. ನೋ ನೋ, ಬೈ ರಿವರ್.
ರಿವರ್ ಈಸ್ ಇನ್ನೊಸೆಂಟ್ ಸರ, ರಿವರ್ ಡಿಡ್ ನಾಟ್ ಸೈನ್!
"ಮೈ ಫಾದರ್ ಸೈನ್," ಎಂದಳು ಕಸ್ತೂರಿ ಮೆಲ್ಲಗೆ,
"ಹೀ ಟೇಕ್ ಮನಿ. ಹೀ ಬಾಯ್ ಬೈಕ್."
ಟೇಕ್ ಅಲ್ಲ, ಟುಕ್; ಬಾಯ್ ಅಲ್ಲ, ಬಾಟ್.
ಕೆಂಪು ಪೆನ್ನು ಕಿಸೆಯಲ್ಲೇ ಇತ್ತು. ತೆಗೆಯಲಿಲ್ಲ.
ಯಾರೋ ಅತ್ತರು, ಯಾರೋ ನಕ್ಕರು ಬೈಕಿಗೆ,
ಕೆಳಗಿನ ಝೆರಾಕ್ಸ್ ಹುಡುಗ ಮೇಲೆ ಬಂದ, ಜಗಳವೇನೋ ಎಂದು.

ಶಾಹೀನ ಮಾತ್ರ ಕೂತಿರಲಿಲ್ಲ ಇನ್ನೂ.
"ವಾಸ್ ಅಲ್ಲ ಸರ. ಎವ್ರಿ ಮೇ, ವಾಟರ್ ಗೋಸ್ ಡೌನ್,
ವಾಲ್ಸ್ ಕಮ್. ಅಮ್ಮಿ ಶೋಸ್ ಮಿ, ಕಿಚನ್.
ಎವ್ರಿ ಮೇ, ಇಟ್ ಈಸ್."
ಅದಕ್ಕೆ ನನ್ನ ಬಳಿ ಯಾವ ಕಾಲವೂ ಇರಲಿಲ್ಲ.

ಪರೀಕ್ಷೆಯಲ್ಲಿ ನೀರು ಬರಲಿಲ್ಲ, ಮನೆ ಬರಲಿಲ್ಲ.
ನಿಮಗಿಷ್ಟವಾದ ಒಂದು ಅಂಗಡಿ, ಅಂದಿತಂತೆ ಕಾರ್ಡು.
ಹತ್ತಿ ಹಿಂಜುವ ಅಜ್ಜನ ಗಾದಿ ಅಂಗಡಿ ಹೇಳಿದಳಂತೆ,
ಬಿಲ್ಲಿನ ಸಪ್ಪಳ, ಹುಬ್ಬಿನ ಮೇಲೆ ಕೂತ ಹತ್ತಿ,
ಫ್ಲಫ್ ಎಂಬ ಪದ ಸಿಗದೆ
ಕಾಟನ್ ಸ್ಮೋಕ್ ಎಂದಳಂತೆ.

ಆರೂವರೆ ಬಂತು. ಅರ್ಧ ಕಡಿಮೆ.
ಮತ್ತೆ ಹದಿನೇಳು ಸಾವಿರ ಕಟ್ಟಬೇಕು.

ಸುದ್ದಿ ಹೇಳಲು ಬಂದವಳು ಮೆಟ್ಟಿಲ ಮೇಲೇ ನಿಂತು,
"ಆದರ ಸರ, ಆ ಮನಿಷಾ ಟೈಮ್ ಮುಗದ ಮ್ಯಾಲೂ ಕೇಳಿದ್ರಿ," ಅಂದಳು,
"ಆ್ಯಂಡ್ ದೆನ್? ಅಂತ."